ಒಮ್ಮೆ ಮಾತ್ರ ಬಳಸಬಹುದಾದ ಪಟ್ಟು

ಕಳೆದ ವಾರ ಗಾಂಧಿ ಬಜಾರಿನಲ್ಲಿ ನಾನು ಬಿದ್ದೆ. ಬೀಳುವುದೇನೂ ವಿಶೇಷವಲ್ಲ; ಎಪ್ಪತ್ತೈದು ದಾಟಿದವರಿಗೂ ಈ ಊರಿನ ಫುಟ್‌ಪಾತಿನ ಚಪ್ಪಡಿಗಳಿಗೂ ನಡುವೆ ಹಳೆಯದೊಂದು ಒಪ್ಪಂದವಿದ್ದೇ ಇದೆ. ವಿಶೇಷವೆಂದರೆ, ನಾನು ಪಂಚೆಯ ಧೂಳು ಕೊಡವಿಕೊಂಡು ಏಳುವಷ್ಟರಲ್ಲಿ ನನ್ನ ಪತನಕ್ಕೆ ಹಲವು ಪಾಠಾಂತರಗಳು ಸಿದ್ಧವಾಗಿದ್ದವು. ಹೂವಿನಾಕೆಯ ಪ್ರಕಾರ ಹಿಂದಿನಿಂದ ಬಂದ ಸ್ಕೂಟರೊಂದು ನನ್ನನ್ನು ಸವರಿಕೊಂಡು ಹೋಗಿತ್ತು. ಬಾಳೆಹಣ್ಣಿನವನ ಪ್ರಕಾರ ನನಗೆ ತಲೆಸುತ್ತು ಬಂದಿತ್ತು. “ಪಾಪ, ಮನೇಲಿ ಜಗಳ ಆಡ್ಕೊಂಡು ತಿಂಡಿ ತಿನ್ದೆ ಬಂದಿದಾರೆ ನೋಡಿ” ಎಂದು ಯಾರೋ ಮೂರನೆಯವರು ನನ್ನ ಗೃಹಕೃತ್ಯಕ್ಕೂ ಕೈ ಹಾಕಿದ್ದರು. ಬಿದ್ದವನು ನಾನೇ ಆದ್ದರಿಂದ ನನಗೂ ಒಂದು ಅಭಿಪ್ರಾಯವಿರಬಹುದೆಂಬ ವಿನಯದಿಂದ, ಚಪ್ಪಡಿ ಅಲುಗಿತು ಅಷ್ಟೆ ಎಂದು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಚಪ್ಪಡಿ ಅಲುಗಿದ್ದು ನಿಜವಿರಬಹುದು. ಆದರೆ ಅದರಲ್ಲಿ ಕಥೆಯಿಲ್ಲ. ಕಥೆಯಿಲ್ಲದ ನಿಜವನ್ನು ಬಜಾರಿನಲ್ಲಿ ಯಾರೂ ಕೊಳ್ಳುವುದಿಲ್ಲ.

ಮೊದಲಿನಿಂದಲೂ ನಾನು ಸಂಶಯಾತ್ಮ. ಶಾಲೆಯನ್ನು ಅರ್ಧದಲ್ಲೇ ಬಿಟ್ಟು ಚಿಕ್ಕಪೇಟೆಯ ಬಟ್ಟೆಯಂಗಡಿಯೊಂದರಲ್ಲಿ ಗಜಕಡ್ಡಿ ಹಿಡಿದು ನಿಂತವನು. ಮಿಕ್ಕ ವಿದ್ಯೆಯನ್ನೆಲ್ಲ ಚಾಮರಾಜಪೇಟೆಯ ವಾಚನಾಲಯದ ಬೆಂಚಿನ ಮೇಲೆ ಗುರುವಿಲ್ಲದೆ, ಆದ್ದರಿಂದ ಗುರುಭಕ್ತಿಯೂ ಇಲ್ಲದೆ ಸಂಪಾದಿಸಿದವನು. ಅಳೆಯದೆ ಹರಿಯಬಾರದೆಂಬ ಅಂಗಡಿಯ ನೀತಿಯೇ ಕ್ರಮೇಣ ನನ್ನ ಜ್ಞಾನಮೀಮಾಂಸೆಯೂ ಆಯಿತು. ಹಸಿದು ಬಂದ ಅರಸನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಈ ಊರಿಗೆ ಹೆಸರು ಬಂತೆಂದು ಯಾರಾದರೂ ಹೇಳಿದರೆ, ಆ ಅರಸನಿಗಿಂತ ಹಳೆಯ ಶಾಸನದ ಕಲ್ಲಿನ ಮೇಲೆಯೇ ಊರಿನ ಹೆಸರಿದೆಯಲ್ಲ ಎಂದು ಅಡ್ಡಬಾಯಿ ಹಾಕದೆ ಇರಲಾರೆ. ಕಡಲೆಕಾಯಿ ಮೇಯುತ್ತಿದ್ದ ಬಸವ ಕಲ್ಲಾದ ಕಥೆ ಹೇಳಿದರೆ, ಆ ಕಡಲೆಕಾಯಿ ಈ ದೇಶಕ್ಕೆ ಕಡಲು ದಾಟಿ ಬಂದದ್ದು ಯಾವಾಗ ಎಂದು ಕೇಳುತ್ತೇನೆ. “ನಮ್ ಮದ್ವೆ ಆಗಿದ್ದಕ್ಕೂ ಸಾಕ್ಷಿ ಕೇಳ್ತೀರೇನೋ” ಎಂದು ನನ್ನಾಕೆ ಒಮ್ಮೆ ರೇಗಿದಾಗ, ಸಾಕ್ಷಿಗಳಲ್ಲಿ ಬಹುಪಾಲು ತೀರಿಕೊಂಡಿದ್ದಾರಲ್ಲ ಎಂದು ಉತ್ತರಿಸಿ, ಅಂದಿನ ಸಾರಿಗೆ ಉಪ್ಪಿಲ್ಲದ್ದನ್ನು ಮಾತ್ರ ಪ್ರಶ್ನಿಸದೆ ಉಂಡೆ.

ನನ್ನ ಗೆಳೆಯ ನಂಜಪ್ಪ ಇದಕ್ಕೆ ತದ್ವಿರುದ್ಧ. ಶ್ರೀರಾಂಪುರದಲ್ಲಿ ಹುಟ್ಟಿ, ಪೇಟೆಯ ಗರಡಿಯ ಕೆಮ್ಮಣ್ಣಿನಲ್ಲಿ ಬೆಳೆದ ಪೈಲ್ವಾನ. ಮುಂದೆ ಸೌದೆ ಡಿಪೋ ಇಟ್ಟು, ಸೌದೆ ಒಲೆಗಳು ಆರಿದ ಮೇಲೆ ಮರದ ವ್ಯಾಪಾರಕ್ಕಿಳಿದು ಚೆನ್ನಾಗಿಯೇ ಬದುಕಿದ. ಆದರೆ ಅವನ ನಿಜವಾದ ಆಸ್ತಿ ಒಂದು ಕಥೆ. ಯೌವನದಲ್ಲಿ ಕೋಟೆಯ ಬಳಿಯ ಮೈದಾನದಲ್ಲಿ ನಡೆದ ಕುಸ್ತಿಯಲ್ಲಿ, ತನ್ನ ಒಂದೂವರೆಯಷ್ಟು ತೂಗುವ ಪರವೂರಿನ ಪೈಲ್ವಾನನೊಬ್ಬ ಅವನ ಕತ್ತಿನ ಮೇಲೆ ಕೂತು, ಬಾಯಿಗೆ ಮಣ್ಣು ಹೊಗಿಸಿ, ಇನ್ನೇನು ಬೆನ್ನನ್ನು ನೆಲಕ್ಕೆ ತಾಗಿಸಬೇಕು ಎನ್ನುವಷ್ಟರಲ್ಲಿ ಗರಡಿಯ ಉಸ್ತಾದರ ಕೂಗು ಕೇಳಿಸಿತಂತೆ; ಆ ಒಂದು ಕೂಗಿಗೆ ಎಲ್ಲಿಯದೋ ಬಲ ಮೈಗೇರಿ, ಎದುರಾಳಿಯ ತೋಳನ್ನು ಹೆಗಲ ಮೇಲೆ ಎಳೆದುಕೊಂಡು, ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಎತ್ತಿ ಒಗೆದನಂತೆ. ಈ ‘ಅಂತೆ’ಗಳೆಲ್ಲ ನನ್ನವು, ಅವನ ನಿರೂಪಣೆಯಲ್ಲಿ ‘ಅಂತೆ’ಗೆ ನಿಲ್ಲಲು ಜಾಗವಿರಲಿಲ್ಲ.

ನಾನು ಅಲ್ಲಿದ್ದೆ. ಅವನ ಅಂಗಿಯನ್ನೂ ಕೈಗಡಿಯಾರವನ್ನೂ ಹಿಡಿದುಕೊಂಡು ಅಖಾಡದ ಅಂಚಿಗೇ ನಿಂತಿದ್ದೆ. ನಾನು ಕಂಡದ್ದು ಇಷ್ಟು: ಇಬ್ಬರೂ ದಣಿದು, ತಲೆಗೆ ತಲೆ ಆನಿಸಿಕೊಂಡು, ನೊಗ ಕಳಚಿದ ಎತ್ತುಗಳಂತೆ ಬಹಳ ಹೊತ್ತು ಒರಗಿ ನಿಂತಿದ್ದರು, ಹಠಾತ್ತನೆ ಪರವೂರಿನವನ ಮಂಡಿ ಕುಸಿಯಿತು, ಅವನು ಬಿದ್ದ, ಆಧಾರ ತಪ್ಪಿದ ನಂಜಪ್ಪ ಅವನ ಮೇಲೆ ಬಿದ್ದ. ಹಿಂದಿನ ಸಾಲಿನವರಿಗೆ ಕಂಡದ್ದು ಧೂಳು ಮಾತ್ರ. ಆ ಧೂಳಿನೊಳಗಿಂದ ಗೆದ್ದವನೊಬ್ಬ ಎದ್ದು ಬಂದನಾದ್ದರಿಂದ, ಗೆಲ್ಲಲು ಅವನು ಏನಾದರೂ ಮಾಡಿರಲೇಬೇಕಾಗಿತ್ತು. ಹಾರ ಹಾಕಿಸಿಕೊಂಡು ನಾವು ಕಾಫಿಗೆ ಹೋಗುವಷ್ಟರಲ್ಲಿ ಅಗಸನ ಪಟ್ಟು ಹುಟ್ಟಿ, ನಾಮಕರಣವಾಗಿ, ತಾನೇ ನಡೆದಾಡತೊಡಗಿತ್ತು.

ಆಮೇಲೆ ಅರ್ಧ ಶತಮಾನ ಅವನು ಅದನ್ನು ಮದುವೆಗಳಲ್ಲಿ, ತಿಥಿಗಳಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿದ, ನಾನು ತಿದ್ದಿದೆ. ಎತ್ತಿ ಒಗೆಯುವ ಘಟ್ಟಕ್ಕೆ ಬಂದಾಗ ಅರೆಗಳಿಗೆ ನಿಲ್ಲಿಸಿ ನನ್ನತ್ತ ನೋಡುತ್ತಿದ್ದ.

“ನೀನೇನೂ ಎತ್ಲಿಲ್ಲ ಕಣೋ. ಅವನ ಮಂಡಿ ಕೈಕೊಡ್ತು. ನೀನ್ ಸುಮ್ನೆ ನಿಂತಿದ್ದೆ.”

“ಗಜಕಡ್ಡಿ ಹಿಡಿಯೋನಿಗೆ ಏನ್ಲಾ ಗೊತ್ತು ಕುಸ್ತಿ! ನೀನ್ ನೋಡ್ತಿದ್ದದ್ದು ನನ್ ವಾಚನ್ನ, ನನ್ನಲ್ಲ!”

ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಸತ್ಯದ ಪರವಾಗಿ ಏಕಾಂಗಿಯಾಗಿ ಹೋರಾಡುತ್ತಿದ್ದೇನೆಂದು ಭಾವಿಸಿ ಗಂಭೀರನಾಗಿ ಎಲೆಯಡಿಕೆ ಮಡಿಸುತ್ತಿದ್ದೆ. ನಾನಿಲ್ಲದ ಕಡೆ ಅವನು ಆ ಕಥೆಯನ್ನು ಅಷ್ಟಾಗಿ ಎತ್ತುತ್ತಿರಲಿಲ್ಲವೆಂಬುದನ್ನು ಅವನ ಮೊಮ್ಮಗಳು ಸಿರಿ ಈಚೆಗೆ ಹೇಳಿದಳು. ಅದನ್ನು ಕೇಳಿದಂದಿನಿಂದ ನನಗೆ ಆ ನಗುವಿನ ಅರ್ಥ ಬೇರೆಯಾಗಿ ತೋರುತ್ತಿದೆ.

ಈಗ ಎರಡು ವರ್ಷಗಳಿಂದ ನಂಜಪ್ಪನ ನೆನಪು ಈಚಿನ ತುದಿಯಿಂದ ಅಳಿಸುತ್ತ ಆಚೆಗೆ ಸಾಗಿದೆ. ಮೊದಲು ಬೆಳಗಿನ ತಿಂಡಿ ಹೋಯಿತು. ಆಮೇಲೆ ಡಿಪೋ ಹೋಯಿತು. ಆಮೇಲೆ ಹೆಂಡತಿ ತೀರಿಕೊಂಡ ಸಂಗತಿ ಹೋಯಿತು. ಅದನ್ನು ಕೇಳಿದಾಗೆಲ್ಲ ಅವನು ಹೊಸದಾಗಿ ಅಳುತ್ತಿದ್ದುದರಿಂದ, ವಿಶ್ವೇಶ್ವರಪುರದಲ್ಲಿ ಅವನನ್ನು ನೋಡಿಕೊಳ್ಳುವ ಮಗಳು ಹೇಳುವುದನ್ನೇ ಬಿಟ್ಟಳು. ಹೋದದ್ದು ಬರುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿಯೇ ಹೇಳಿದರು. ಆದರೆ ‘ಗರಡಿ’ ಎಂಬ ಮಾತು ಕಿವಿಗೆ ಬಿದ್ದರೆ ಅವನ ಎಡಹೆಗಲು ತಾನಾಗಿ ಏಳುತ್ತಿತ್ತು. ಸಿರಿ ಆ ಹೆಗಲಿಗೆ ಜೋತುಬಿದ್ದಳು. ಕುಸ್ತಿಯ ಕಥೆಯನ್ನು ಇನ್ನೊಂದು ಸಲ ಅವನೇ ಬಾಯಿಬಿಟ್ಟು ಹೇಳಿದರೆ, ತನ್ನ ತಾತ ಒಳಗೆಲ್ಲೋ ಇನ್ನೂ ಉಳಿದಿದ್ದಾನೆಂದು ತಿಳಿಯಬಹುದೆಂಬುದು ಅವಳ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ಈ ಶಬ್ದವನ್ನು ನಾನು ಎಷ್ಟು ಅಪರೂಪಕ್ಕೆ ಬಳಸುತ್ತೇನೆಂಬುದನ್ನು ಇಷ್ಟರಲ್ಲೇ ನೀವು ಊಹಿಸಿರಬಹುದು.

ಸಿರಿ ಕಾಲೇಜಿನಲ್ಲಿ ಪಾಠ ಹೇಳುವವಳು. ಭಾನುವಾರ ಮಧ್ಯಾಹ್ನ ಗೆಳೆಯರನ್ನು ಊಟದ ಮೇಜಿನ ಸುತ್ತ ಕೂರಿಸಿಕೊಂಡು ಒಂದು ಆಟ ಆಡಿಸುತ್ತಾಳೆ. ಪಗಡೆಯಲ್ಲ, ಇಸ್ಪೀಟಲ್ಲ. ಅವಳು ಕಥೆ ಹೇಳುತ್ತಾಳೆ; ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಪಾತ್ರವಾಗಿ, ನಾನು ಬಾಗಿಲು ಒಡೆಯುತ್ತೇನೆ, ನಾನು ಕೋಟೆ ಹತ್ತುತ್ತೇನೆ ಎನ್ನುತ್ತಾರೆ; ಆದೀತೋ ಆಗದೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಪ್ರತಿ ಪಾತ್ರಕ್ಕೂ ಕಾಳಗದಲ್ಲಿ ಬಳಸಲು ಕೆಲವು ವಿಶೇಷ ಸಾಮರ್ಥ್ಯಗಳಿರುತ್ತವೆ. ಈ ಸಲ ಅವಳ ಗೆಳೆಯ ಅಭಿ ಆಡುವ ಪಾತ್ರ ಒಬ್ಬ ಪೈಲ್ವಾನ. ಅವನ ಸಾಮರ್ಥ್ಯ, ತಾತನ ಅಗಸನ ಪಟ್ಟು. ಒಂದು ಕಾಳಗದಲ್ಲಿ ಅದನ್ನು ಒಮ್ಮೆ ಮಾತ್ರ ಬಳಸಬಹುದು. ಅದೂ ಶಕ್ತಿಯೆಲ್ಲ ಬಸಿದುಹೋಗಿ ಸೋಲು ಕತ್ತಿಗೆ ಬಂದಾಗ. ಹಾಗೆ ಬಳಸಿದರೆ ಅದು ತಪ್ಪುವುದಿಲ್ಲ. ಇದು ನಿಯಮ. ತಾತನನ್ನು ಪಕ್ಕದ ಆರಾಮ ಕುರ್ಚಿಯಲ್ಲಿ ಕೂರಿಸಿ, ವಾರವಾರವೂ ಕಥೆಯನ್ನು ಆ ಪಟ್ಟಿನ ಹತ್ತಿರಕ್ಕೆ ತರುತ್ತ ಹೋಗುವುದು ಅವಳ ಉಪಾಯ.

ಅಖಾಡ ಕಂಡವನೆಂದು ಸಲಹೆಗೆ ನನ್ನನ್ನೂ ಕರೆಸಿದ್ದರು. ನಿಯಮ ಕೇಳಿದ ಕೂಡಲೇ ನನ್ನೊಳಗಿನ ಗಜಕಡ್ಡಿ ನೆಟ್ಟಗಾಯಿತು. ಮಾಂತ್ರಿಕನ ಅಸ್ತ್ರ ಒಮ್ಮೆಗೆ ಮುಗಿಯುತ್ತದೆಂದರೆ ಒಪ್ಪಿಯೇನು. ಇಲ್ಲದ ವಸ್ತುವಿಗೆ ಎಂಥ ನಿಯಮ ಮಾಡಿದರೂ ಯಾರಿಗೂ ನಷ್ಟವಿಲ್ಲ. ಆದರೆ ತೋಳೇನು ಬತ್ತಳಿಕೆಯೇ, ಒಂದು ಪ್ರಯೋಗಕ್ಕೆ ಬರಿದಾಗಲು? ಪಂಚೆ ಉಡಬಲ್ಲವನು ದಿನಕ್ಕೊಮ್ಮೆ ಮಾತ್ರ ಉಡಬಲ್ಲನೆಂದರೆ ಲೋಕ ನಕ್ಕೀತು. ಇನ್ನು ಸೋಲುವ ಹೊತ್ತಿನಲ್ಲಿ ಮಾತ್ರ ಬಲ ಬರುತ್ತದೆಂಬುದು ದೇಹಧರ್ಮಕ್ಕೇ ಅಪಚಾರ. ಅಖಾಡದಿಂದ ಹೊರಬಂದ ಪೈಲ್ವಾನ ನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ನಡುಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟನ್ನೂ ನಾನು ಸಾಂಗವಾಗಿ, ಸದೃಷ್ಟಾಂತವಾಗಿ ನಿವೇದಿಸಿದೆ.

“ಹಂಗಾದ್ರೆ ತಾತ,” ಎಂದ ಅಭಿ, “ಫಸ್ಟ್ ರೌಂಡಲ್ಲೇ ಎತ್ತಾಕ್ಬಿಡ್ತೀನಿ. ಆಟ ಖಲ್ಲಾಸ್. ತಿಂಡಿ ಬೀದೀಲಿ ಮೊದಲ್ನೇ ಬಿಸಿ ಹೋಳಿಗೆ ನಮ್ದೇ.”

“ಮಗಾ, ನೀನ್ ಸುಮ್ನಿರು,” ಎಂದು ಅವನನ್ನು ಗದರಿ ಸಿರಿ ನನ್ನತ್ತ ತಿರುಗಿದಳು. “ಶೀನತಾತ, ಪಟ್ಟು ಅವನಿಗೆ ಒಂದೇ ಸಲ ಬರುತ್ತೆ ಅಂತಲ್ಲ. ಅವ್ನು ಬೇಕಾದಷ್ಟು ಸಲ ಟ್ರೈ ಮಾಡಿರ್ತಾನೆ, ಎದುರಾಳಿ ಜಾರ್ಕೊಂಡಿರ್ತಾನೆ. ಅದನ್ನೆಲ್ಲ ನಾವು ಹೇಳಲ್ಲ, ಅಷ್ಟೇ. ಕೂಡಿಬಂದಿದ್ದು ಒಂದ್ಸಲ ಇರುತ್ತಲ್ಲ, ಅದನ್ನ ಮಾತ್ರ ಹೇಳ್ತೀವಿ.”

ಸುಳ್ಳೆಂದು ನಾನು ತಳ್ಳಿಹಾಕಿದ್ದ ನಿಯಮದೊಳಗೆ ನನ್ನ ಸತ್ಯಕ್ಕಿಂತ ಸೂಕ್ಷ್ಮವಾದ ಲೆಕ್ಕವೊಂದಿತ್ತು. ತೋಳಿಗೆ ಎಷ್ಟು ಸಲ ಸಾಧ್ಯ ಎಂದು ನಾನು ಅಳೆಯುತ್ತಿದ್ದೆ. ಅವಕಾಶ ಎಷ್ಟು ಸಲ ತೆರೆಯುತ್ತದೆ ಎಂದು ಅವಳು ಕೇಳುತ್ತಿದ್ದಳು. ಅಂದು ಚಾಮರಾಜಪೇಟೆಯ ಮನೆಗೆ ನಡೆದು ಬರುವಾಗ, ನನ್ನ ಬದುಕಿನಲ್ಲಿ ಕೂಡಿಬಂದ ಆ ಒಂದು ಸಲ ಯಾವುದೆಂದು ಹುಡುಕಿದೆ. ಅಳೆದು ಹರಿದ ಬಟ್ಟೆಯನ್ನೆಲ್ಲ ಹಾಸಿದರೆ ಊರನ್ನೇ ಸುತ್ತಿ ಬಂದೀತು. ಅದರಲ್ಲಿ ಹೇಳುವಂಥ ಒಂದು ಗೇಣೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು, ಗೆಳೆಯನ ಅಂಗಿ ಹಿಡಿದು ನಿಂತ ಒಂದು ಸಂಜೆ. ನನ್ನ ಏಕೈಕ ಕಥೆಯಲ್ಲೂ ನಾನು ಪ್ರೇಕ್ಷಕನಾಗಿದ್ದೆ. ಅದೂ ಆ ಕಥೆ ನಡೆಯಲೇ ಇಲ್ಲವೆಂದು ಸಾರುವ ಪ್ರೇಕ್ಷಕ.

ಆದರೂ ಮೊಂಡುತನವೆಂಬುದು ಮೊಣಕಾಲಿಗಿಂತ ಗಟ್ಟಿ. ಮುಂದಿನ ವಾರವೂ ಹೋಗಿ, ಒಮ್ಮೆ ಎಂಬುದನ್ನು ಬೇಕಾದರೆ ಇಟ್ಟುಕೊಳ್ಳಿ, ಸೋಲುವಾಗ ಮಾತ್ರ ಎಂಬುದನ್ನಾದರೂ ತೆಗೆಯಿರಿ ಎಂದು ಚೌಕಾಸಿ ಮಾಡಿದೆ. “ಸೋಲೋ ಹೊತ್ತಲ್ಲಿ ಬರ್ದೇ ಇದ್ರೆ ಅದು ನಮ್ ತಾತನ್ ಪಟ್ಟೇ ಅಲ್ಲ” ಎಂದಳು ಸಿರಿ. ಅವಳ ಕಣ್ಣು ಆರಾಮ ಕುರ್ಚಿಯ ಕಡೆಗಿತ್ತು. ಅವಳು ಮಾತಾಡುತ್ತಿದ್ದದ್ದು ಆಟದ ನಿಯಮವನ್ನು ಕುರಿತಲ್ಲವೆಂದು ನನಗೆ ಆಗ ಹೊಳೆಯಿತು, ನಾನು ಚೌಕಾಸಿ ಬಿಟ್ಟೆ.

ಆ ಘಳಿಗೆ ಬಂದದ್ದು ಮತ್ತೊಂದು ಭಾನುವಾರ. ಅಂದು ನಂಜಪ್ಪನಿಗೆ ಕ್ಷೌರ ಮಾಡಿಸಿ, ಬಿಳಿಯ ಜುಬ್ಬಾ ತೊಡಿಸಿ ಕೂರಿಸಿದ್ದರು. ಸಿರಿ ದಾಳವನ್ನು ಪಕ್ಕಕ್ಕೆ ಸರಿಸಿ ಕಥೆ ಹೇಳತೊಡಗಿದಳು; ನಂಜಪ್ಪನ ಕಥೆಯನ್ನೇ, ನಂಜಪ್ಪನ ಮಾತುಗಳಲ್ಲೇ. ಮೈದಾನ, ಕೆಮ್ಮಣ್ಣು, ಕಂಬದಂಥ ಎದುರಾಳಿ. ಅಭಿಯ ಪೈಲ್ವಾನನ ಶಕ್ತಿ ಬಸಿಯುತ್ತ ಬಂತು. ಕತ್ತಿನ ಮೇಲೆ ಭಾರ ಕುಳಿತಿತು. ಬಾಯಿಗೆ ಮಣ್ಣು ಹೊಕ್ಕಿತು. ಆರಾಮ ಕುರ್ಚಿಯಲ್ಲಿ ಎಡಹೆಗಲು ಎದ್ದಿತು. ನಾನು ನೋಡಿದೆ, ಸಿರಿ ನೋಡಿದಳು. ಅವಳು ಎದ್ದು ಹೋಗಿ ಅವನ ಮುಂದೆ ನೆಲದ ಮೇಲೆ ಕುಳಿತಳು.

“ತಾತ, ಈಗ ಇವ್ನು ಏನ್ ಮಾಡ್ಬೇಕು? ನೀನೇ ಹೇಳು.”

ನಂಜಪ್ಪ ಅಭಿಯನ್ನು ಬಹಳ ಹೊತ್ತು ದಿಟ್ಟಿಸಿದ. ಹಳೆಯ ಗತ್ತಿನ ಒಂದು ಗೆರೆ ಮುಖದಲ್ಲಿ ಮೂಡಿತು. ನಾನು ಅರಿವಿಲ್ಲದೆ ನನ್ನ ಸಾಲಿಗೆ ಸಿದ್ಧನಾದೆ. ಅವನು ಎತ್ತಿ ಒಗೆದ ಕೂಡಲೇ ಹೇಳಬೇಕಾದ ಸಾಲು ನಾಲಿಗೆಯ ತುದಿಗೆ ಬಂದಿತ್ತು.

“ಏನೂ ಮಾಡ್ಬೇಡ ಕಣಪ್ಪ,” ಎಂದ ನಂಜಪ್ಪ. “ಸುಮ್ನೆ ನಿಂತ್ಕೊ. ಅವನ ಮಂಡಿ ಕೈಕೊಡ್ತದೆ.”

ಅಭಿ ಗೊಳ್ಳನೆ ನಕ್ಕು, “ಸೂಪರ್ ತಾತ!” ಎಂದವನು ಸಿರಿಯ ಮುಖ ಕಂಡು ನಿಲ್ಲಿಸಿದ.

“ಇಲ್ಲ ತಾತ, ನೀನು ಎತ್ತಿ ಒಗೆದೆ. ಅಗಸ ಬಟ್ಟೆ ಒಗೆದಂಗೆ. ಉಸ್ತಾದ್ರು ಕೂಗಿದ್ರಲ್ಲ?”

“ನಾನಾ? ಇಲ್ಲಮ್ಮ. ನಾನೇನೂ ಎತ್ಲಿಲ್ಲ.”

ಅರ್ಧ ಶತಮಾನದ ವ್ಯಾಜ್ಯ ಹೀಗೆ ನನ್ನ ಪರವಾಗಿ ಇತ್ಯರ್ಥವಾಯಿತು. ಎದುರಾಳಿಯೇ ತಪ್ಪೊಪ್ಪಿಕೊಂಡ ಮೇಲೆ ಇನ್ನೇನು ಬೇಕು? ಆದರೆ ಸಂಶಯಾತ್ಮನಿಗೆ ಗೆಲುವನ್ನೂ ಅಳೆಯುವ ರೋಗ. ಆ ಮಾತು ಎಲ್ಲಿಂದ ಬಂತು? ಗರ್ವವೆಲ್ಲ ಕಳಚಿಬಿದ್ದು, ಅಡಿಯಲ್ಲಿ ಹುದುಗಿದ್ದ ನಿಜವಾದ ನೆನಪು ಮೇಲೆ ಬಂತೋ? ಅಥವಾ ತಾನು ಹೇಳಿದ್ದನ್ನು ಮರೆತು, ನಾನು ಹೇಳಿದ್ದನ್ನು ಮಾತ್ರ ಉಳಿಸಿಕೊಂಡನೋ? ಮೊದಲನೆಯದಾದರೆ ಅವನು ಸಾಕ್ಷಿ. ಎರಡನೆಯದಾದರೆ ಬರೀ ಪ್ರತಿಧ್ವನಿ. ಮಾತಿನ ಧಾಟಿ, ‘ಸುಮ್ನೆ’ ಎಂಬಲ್ಲಿನ ಆ ತಾತ್ಸಾರ, ಎಲ್ಲ ನನ್ನವೇ. ತಾತನ ಸ್ವರಕ್ಕಾಗಿ ಆ ಹುಡುಗಿ ವಾರಗಟ್ಟಲೆ ಕಾದಿದ್ದಳು. ಆ ಬಾಯಿಂದ ನನ್ನ ಸ್ವರ ಬಂತು. ಇದಕ್ಕಿಂತ ಭಯಂಕರವಾದದ್ದು ಬೆನ್ನಿಗೇ ಬಂದ ಇನ್ನೊಂದು ಯೋಚನೆ: ಕಣ್ಣು ಮುಚ್ಚಿ ಆ ಸಂಜೆಯನ್ನು ಕರೆದರೆ, ನನಗಾದರೂ ಕಾಣುವುದೇನು? ಕುಸಿಯುವ ಮಂಡಿಯೋ, ಮಂಡಿ ಕುಸಿಯಿತೆಂಬ ನನ್ನದೇ ವಾಕ್ಯವೋ? ಎಡಗಾಲೋ ಬಲಗಾಲೋ ಎಂದು ಕೇಳಿಕೊಂಡೆ. ಉತ್ತರ ಬರಲಿಲ್ಲ. ಅವನು ಹೇಳುತ್ತಿದ್ದಂತೆ, ನಾನು ವಾಚನ್ನೇ ನೋಡುತ್ತಿದ್ದಿರಲೂಬಹುದು.

ಸಿರಿ ನನ್ನ ಕೈ ಹಿಡಿದಳು. “ಶೀನತಾತ, ನೀವ್ ಹೇಳಿ. ನೀವ್ ಹೇಳಿದ್ರೆ ನೆನಪಾಗುತ್ತೆ. ಒಂದೇ ಒಂದ್ಸಲ ಹೇಳಿ.”

ಹೇಳಿದೆ. ಎಂದೂ ಹೇಳದಿದ್ದವನು, ಹೇಳಗೊಡದಿದ್ದವನು, ಅಗಸನ ಪಟ್ಟಿನ ಕಥೆಯನ್ನು ಆದಿಯಿಂದ ಹೇಳಿದೆ. ಬಾಯೊಳಗಿನ ಮಣ್ಣಿನ ರುಚಿ ಹೇಳಿದೆ. ಉಸ್ತಾದರ ಕೂಗನ್ನು ಕೂಗಿಯೇ ತೋರಿಸಿದೆ. ಎದ್ದು ನಿಂತು, ನನ್ನ ಕಡ್ಡಿಯಂಥ ತೋಳನ್ನು ಹೆಗಲ ಮೇಲೆ ಎಳೆದುಕೊಂಡು, ಬೆನ್ನು ಬಗ್ಗುವಷ್ಟು ಬಗ್ಗಿಸಿ, ಆ ಪರವೂರಿನ ಪರ್ವತವನ್ನು ವಿಶ್ವೇಶ್ವರಪುರದ ನೆಲಕ್ಕೆ ಒಗೆದೆ. ಒಂದು ‘ಅಂತೆ’ಯನ್ನೂ ಬಳಸಲಿಲ್ಲ. ಅದು ನಿಜವಾಗಿರಲೆಂದು ನನ್ನ ಮೂಳೆ ಮೂಳೆಯೂ ಬೇಡುತ್ತಿತ್ತು. ಒಗೆಯುವ ಘಟ್ಟಕ್ಕೆ ಬಂದಾಗ ನಾನೂ ಅರೆಗಳಿಗೆ ನಿಲ್ಲಿಸಿ, ಅವನತ್ತ ನೋಡಿದೆ.

ನಂಜಪ್ಪ ಹೊಸಬರ ಮಾತನ್ನು ಕೇಳುವ ಸೌಜನ್ಯದಿಂದ ಕೊನೆಯವರೆಗೂ ಕೇಳಿದ.

“ಚೆನ್ನಾಗ್ ಹೇಳ್ತೀರ ಸ್ವಾಮಿ,” ಎಂದ. “ತಾವು ಅಲ್ಲಿದ್ರಾ?”

“ಇದ್ದೆ.”

ಅವನು ಇಲ್ಲವೆಂಬಂತೆ ಮೆಲ್ಲಗೆ ತಲೆಯಾಡಿಸಿದ. “ಅಲ್ಲಿದ್ದೋನು ನನ್ನ ಸ್ನೇಹಿತ ಒಬ್ನು. ಶೀನ ಅಂತ. ನನ್ ಅಂಗಿ ಹಿಡ್ಕೊಂಡು ನಿಂತಿದ್ದ. ಅವ್ನು ಬೇರೆ ಥರ ಹೇಳ್ತಾನೆ.” ಸ್ವಲ್ಪ ತಡೆದು, ನನಗೆ ಬೇಸರವಾಗಬಾರದೆಂಬಂತೆ ಸೇರಿಸಿದ: “ಅವ್ನು ಸುಳ್ಳು ಹೇಳೋನಲ್ಲ.”

ಆಮೇಲೆ ಸಿರಿ ಎದ್ದು, ಕಣ್ಣೊರೆಸಿಕೊಂಡು, ಮೇಜಿನ ಬಳಿ ಹೋಗಿ ಕುಳಿತಳು. ದಾಳವನ್ನು ಮುಟ್ಟಲಿಲ್ಲ. “ನೀನ್ ಸುಮ್ನೆ ನಿಂತಿದೀಯ,” ಎಂದಳು ಅಭಿಗೆ. “ಅವನ ಮಂಡಿ ಕೈಕೊಡ್ತು. ಅವ್ನು ಬಿದ್ದ.”

ಅಭಿ ತಲೆ ತಗ್ಗಿಸಿ ಒಪ್ಪಿಕೊಂಡ. ಆಕ್ಷೇಪಿಸಬೇಕೆಂದು ನಾನು ಬಾಯಿ ತೆರೆದೆ. ಯಾವ ಆಧಾರದ ಮೇಲೆ ಎಂದು ತಿಳಿಯದೆ ಮುಚ್ಚಿದೆ.